ಕಾಡುಪ್ರಾಣಿಗಳ ಅಧ್ಯಯನ: ನಿಮ್ಮ ಮಕ್ಕಳಿಗೆ ಒಗ್ಗುವ ಉದ್ಯೋಗವೆ?

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ವಾರಗಳಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಗೊಬ್ಬರಕ್ಕೆಂದು ಬಂದವರು, ಕೆಲಸ ಮುಗಿದ ಮೇಲೂ ಒಂದು ಗಳಿಗೆ ನಿಂತು ಮಕ್ಕಳ ಮುಂದಿನ ಓದಿನ ವಿಚಾರ ಕೇಳುವುದುಂಟು. ಕೃಷಿ ಪದವಿಗೆ ಸೇರಿಸಬಹುದೆ, ಡಿಪ್ಲೊಮಾ ಸಾಕೆ, ನರ್ಸಿಂಗ್ ಹೇಗೆ ಎಂಬ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಈಚಿನ ವರ್ಷಗಳಲ್ಲಿ ಕಾಡಂಚಿನ ಹಳ್ಳಿಗಳಿಂದ ಒಂದು ಹೊಸ ಪ್ರಶ್ನೆ ಬರುತ್ತಿದೆ. "ನಮ್ಮ ಹುಡುಗ ಕಾಡುಪ್ರಾಣಿಗಳ ಬಗ್ಗೆ ಓದುತ್ತೇನೆ ಅನ್ನುತ್ತಾನೆ. ಅಂಥದ್ದೊಂದು ಓದು ಇದೆಯೆ? ಓದಿದರೆ ಅನ್ನ ಹುಟ್ಟುತ್ತದೆಯೆ?"

ಎರಡಕ್ಕೂ ಉತ್ತರ ಹೌದು ಎಂದೇ. ಆದರೆ ಎರಡನೆಯ ಹೌದು ಮೊದಲನೆಯದರಷ್ಟು ಗಟ್ಟಿಯಲ್ಲ. ಆದುದರಿಂದ ಈ ವಾರ ಬೆಳೆ, ರೋಗ, ಕೀಟಗಳನ್ನು ಬದಿಗಿಟ್ಟು ಈ ವಿಷಯವನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಂದೆತಾಯಿಗಳೂ ಓದಿರಿ, ಮಕ್ಕಳ ಕೈಗೂ ಕೊಡಿರಿ. ವಾಚನಾಲಯದಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ವನ್ಯಜೀವಿ ವಿಜ್ಞಾನಿ ಎಂದರೆ ಖಾಕಿ ತೊಟ್ಟ ಅರಣ್ಯಾಧಿಕಾರಿಯಲ್ಲ. ಕಾಡನ್ನು ಕಾಯುವುದು, ಕಳ್ಳಬೇಟೆ ತಡೆಯುವುದು, ಮೊಕದ್ದಮೆ ಹೂಡುವುದು ಇಲಾಖೆಯ ಕೆಲಸ. ಗಾಯಗೊಂಡ ಚಿರತೆಗೆ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡುವವರು ಪಶುವೈದ್ಯರು. ಮನೆಗೆ ನುಗ್ಗಿದ ಹಾವು ಹಿಡಿಯುವವರು, ಕ್ಯಾಮರಾ ಹಿಡಿದು ಸಫಾರಿಗೆ ಹೋಗುವವರು, ಟಿ.ವಿ.ಯಲ್ಲಿ ಮೊಸಳೆಯ ಬಾಲ ಎಳೆಯುವವರು ಇವರಾರೂ ವಿಜ್ಞಾನಿಗಳಲ್ಲ. ವಿಜ್ಞಾನಿಯ ಕೆಲಸ ಪ್ರಶ್ನೆ ಕೇಳುವುದು, ಅದಕ್ಕೆ ಉತ್ತರ ಸಿಗುವಂತೆ ಎಣಿಸುವುದು, ಅಳೆಯುವುದು, ಬರೆದಿಡುವುದು, ಬರೆದುದನ್ನು ಲೆಕ್ಕ ಹಾಕುವುದು. ನಮ್ಮ ಸಂಶೋಧನಾ ಕೇಂದ್ರಗಳಲ್ಲಿ ತಳಿ ಪ್ರಯೋಗ ನಡೆಸುವವರು ಮಾಡುವುದೂ ಇದನ್ನೇ. ಅಲ್ಲಿ ತಾಕು ಸುಮ್ಮನೆ ನಿಂತಿರುತ್ತದೆ, ಇಲ್ಲಿ ತಾಕು ರಾತ್ರಿಯಲ್ಲಿ ಎದ್ದು ಇಪ್ಪತ್ತು ಕಿಲೊಮೀಟರ್ ನಡೆಯುತ್ತದೆ!

ಕೆಲಸ ಹೇಗಿರುತ್ತದೆ?

ನಿಮಗೆ ಹತ್ತಿರವಾದ ಉದಾಹರಣೆಯೇ ತೆಗೆದುಕೊಳ್ಳೋಣ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಯುವಕ ರಾಮನ್ ಸುಕುಮಾರ್ ಅವರು ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲದ ಸುತ್ತಿನ ಕಾಡುಗಳಲ್ಲಿ ಆನೆಗಳ ಅಧ್ಯಯನ ಕೈಗೊಂಡರು. ಆನೆ ಬಂತು, ರಾಗಿ ತಿಂತು, ಹೋಯಿತು ಎಂದು ನಾವು ಹೇಳಿ ಮುಗಿಸುವ ಸಂಗತಿಯನ್ನು ಅವರು ಬಿಡಿಸಿ ಬಿಡಿಸಿ ನೋಡಿದರು. ಯಾವ ಆನೆ ಬರುತ್ತದೆ? ಸಲಗವೋ, ಮರಿಗಳಿರುವ ಹಿಂಡೋ? ವರ್ಷಕ್ಕೆ ಎಷ್ಟು ರಾತ್ರಿ? ಬೆಳೆ ಯಾವ ಹಂತದಲ್ಲಿದ್ದಾಗ? ಹೊಲದ ಪೈರಿನಲ್ಲಿ ಇರುವುದು, ಅದೇ ಕಾಲದಲ್ಲಿ ಕಾಡಿನ ಹುಲ್ಲಿನಲ್ಲಿ ಇಲ್ಲದಿರುವುದು ಏನು?

ಬಂದ ಉತ್ತರಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಪ್ರಾಯದ ಗಂಡಾನೆಗಳು ಹಿಂಡಿನ ಹೆಣ್ಣಾನೆಗಳಿಗಿಂತ ಹಲವು ಪಟ್ಟು ಹೆಚ್ಚು ರಾತ್ರಿ ಹೊಲಕ್ಕೆ ಇಳಿಯುತ್ತವೆ. ರಾಗಿ ತೆನೆಯೊಡೆಯುವ ಸಮಯಕ್ಕೆ ದಾಳಿ ಏರುತ್ತದೆ. ಆ ಹೊತ್ತಿಗೆ ಕಾಡಿನ ಹುಲ್ಲು ಬಲಿತು ಒರಟಾಗಿರುತ್ತದೆ. ಪೈರಿನಲ್ಲಿ ಸಸಾರಜನಕ, ಸುಣ್ಣ, ಉಪ್ಪಿನಂಶ ಹೆಚ್ಚು. ಅಂದರೆ ಆನೆ ಹಸಿದು ಮಾತ್ರ ಬರುವುದಲ್ಲ, ಒಳ್ಳೆಯ ಮೇವು ಹುಡುಕಿ ಬರುತ್ತದೆ. ಹಿಂಡಿ ಇಟ್ಟ ಕಡೆ ದನ ಕೊರಳು ಚಾಚುವುದಿಲ್ಲವೆ, ಹಾಗೆ. ಕಾಡಿನಲ್ಲಿ ಒಂದಿಷ್ಟು ಬಿದಿರು ನೆಟ್ಟುಬಿಟ್ಟರೆ ಆನೆ ಬರುವುದು ನಿಲ್ಲುತ್ತದೆ ಎಂಬ ಭಾಷಣ ಕೇಳಿದಾಗ ಈ ಅಧ್ಯಯನವನ್ನು ನೆನೆಯಬೇಕು.

ಇಷ್ಟನ್ನು ಇಲ್ಲಿ ಒಂದು ಪ್ಯಾರಾದಲ್ಲಿ ಬರೆದೆ. ಇದರ ಹಿಂದೆ ಹೊಲದಿಂದ ಹೊಲಕ್ಕೆ ತಿರುಗಿ ತುಳಿದ ಗುಂಟೆಗಳನ್ನು ಅಳೆದದ್ದು, ಲದ್ದಿ ನೋಡಿದ್ದು, ಹುಲ್ಲು ಕೊಯ್ದು ಒಣಗಿಸಿ ಪ್ರಯೋಗಶಾಲೆಗೆ ಒಯ್ದದ್ದು, ಒಂದೊಂದು ಆನೆಯನ್ನೂ ಕಿವಿ, ದಂತ, ಬಾಲದ ಗುರುತಿನಿಂದ ಹೆಸರುಹಿಡಿದು ಪಟ್ಟಿ ಮಾಡಿದ್ದು, ಆಮೇಲೆ ವರ್ಷಗಟ್ಟಲೆ ಮೇಜಿನ ಮುಂದೆ ಕುಳಿತದ್ದು ಎಲ್ಲವೂ ಇದೆ. ಈ ಉದ್ಯೋಗಕ್ಕೆ ಹೊರಡುವ ಹುಡುಗರಿಗೆ ಕಾಡು ಕಾಣುತ್ತದೆ, ಮೇಜು ಕಾಣುವುದಿಲ್ಲ. ಕಾಡಿನಲ್ಲಿ ಆರು ತಿಂಗಳು ಓಡಾಡಿದರೆ ಮೇಜಿನ ಮುಂದೆ ಒಂದು ವರ್ಷ ಎಂದು ಇಟ್ಟುಕೊಳ್ಳುವುದು ಕ್ಷೇಮ.

ಹುಲಿ ಎಣಿಸುವ ವಿಚಾರವನ್ನೂ ನೋಡಿರಿ. ಹಿಂದೆ ಹೆಜ್ಜೆಗುರುತಿನ ಮೇಲೆ ಗಾಜು ಇಟ್ಟು ಗೆರೆ ಎಳೆದು ಹುಲಿ ಲೆಕ್ಕ ಹಾಕುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ತರಹ, ಧೂಳಿನಲ್ಲಿ ಒಂದು ತರಹ ಮೂಡುವುದರಿಂದ ಲೆಕ್ಕ ತಪ್ಪುತ್ತಿತ್ತು. ರಾಜಸ್ಥಾನದ ಸರಿಸ್ಕದಲ್ಲಿ ಹುಲಿಗಳೇ ಉಳಿದಿಲ್ಲ ಎಂಬುದು 2005ರಲ್ಲಿ ಬಯಲಾದ ಮೇಲೆ ಆ ಕ್ರಮವನ್ನು ಕೈಬಿಡಲಾಯಿತು. ಅದಕ್ಕೂ ಹತ್ತು ವರ್ಷ ಮೊದಲೇ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಬೇರೆ ದಾರಿ ತೋರಿಸಿದ್ದರು. ಹುಲಿಯ ಪಟ್ಟೆ ನಮ್ಮ ಹೆಬ್ಬೆರಳ ಗುರುತಿನಂತೆ, ಒಂದರದು ಇನ್ನೊಂದಕ್ಕಿಲ್ಲ. ದಾರಿ ಬದಿಯ ಮರಗಳಿಗೆ ತಾನೇ ಚಿತ್ರ ತೆಗೆಯುವ ಕ್ಯಾಮರಾ ಕಟ್ಟಿ, ಎಷ್ಟು ಬೇರೆ ಬೇರೆ ಹುಲಿ ಬಿದ್ದವು, ಅವುಗಳಲ್ಲಿ ಎಷ್ಟು ಮತ್ತೆ ಮತ್ತೆ ಬಿದ್ದವು ಎಂದು ನೋಡುವುದು. ಇದರ ಹಿಂದಿನ ಲೆಕ್ಕ ಮೀನುಗಾರಿಕೆ ಗೊತ್ತಿದ್ದವರಿಗೆ ಸುಲಭವಾಗಿ ತಿಳಿಯುತ್ತದೆ. ಕೆರೆಗೆ ಬಲೆ ಬೀಸಿ 50 ಮೀನು ಹಿಡಿದು, ಗುರುತು ಮಾಡಿ ಬಿಡುತ್ತೀರಿ. ವಾರ ಬಿಟ್ಟು ಮತ್ತೆ 50 ಮೀನು ಹಿಡಿದಾಗ ಅದರಲ್ಲಿ 10ಕ್ಕೆ ಗುರುತು ಇದ್ದರೆ, ಹಿಡಿದುದರ ಐದನೆಯ ಒಂದು ಪಾಲು ಹಳೆಯವು ಎಂದಾಯಿತು. ಆದ್ದರಿಂದ ಮೊದಲು ಗುರುತು ಮಾಡಿದ 50 ಕೂಡ ಇಡೀ ಕೆರೆಯ ಐದನೆಯ ಒಂದು ಪಾಲು. ಕೆರೆಯಲ್ಲಿ ಸುಮಾರು 250 ಮೀನು. ಕಾಡಿನಲ್ಲಿ ಈ ಲೆಕ್ಕ ಇಷ್ಟು ಸರಳವಾಗಿ ಮುಗಿಯುವುದಿಲ್ಲ, ಆದರೆ ಬೇರು ಇದೇ. ಕರ್ನಾಟಕದಲ್ಲಿ 2022ರ ಅಂದಾಜಿನಂತೆ 563 ಹುಲಿಗಳು ಎನ್ನುವಾಗ ಆ ಸಂಖ್ಯೆ ಹುಟ್ಟುವುದು ಇಂಥ ಲೆಕ್ಕದಿಂದ.

ಕಾರಂತರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವರು ಮೊದಲು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ನಂತರ ಕೆಲ ಕಾಲ ವ್ಯವಸಾಯವನ್ನೂ ಮಾಡಿದ್ದರು. ನಲವತ್ತರ ಹತ್ತಿರ ಬಂದ ಮೇಲೆ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಹೋಗಿ ವನ್ಯಜೀವಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1976ರಿಂದ 1978ರವರೆಗೆ ಬಂಡೀಪುರದಲ್ಲಿ ಸೀಳುನಾಯಿಗಳ ಹಿಂದೆ ನಡೆದು ಅಧ್ಯಯನ ಮಾಡಿದ ಎ.ಜೆ.ಟಿ. ಜಾನ್‌ಸಿಂಗ್ ಅವರು ತಮಿಳುನಾಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದವರು. ಹಾಗಾಗಿ ಹದಿನೆಂಟನೆಯ ವಯಸ್ಸಿಗೇ ಈ ಬಾಗಿಲಲ್ಲಿ ನುಗ್ಗದಿದ್ದರೆ ಕೆಟ್ಟೆವೆಂದು ಯಾರೂ ತಿಳಿಯಬೇಕಾಗಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಈ ಕೆಲಸ ತನಗೆ ಒಗ್ಗುತ್ತದೆಯೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ, ಹಣ ಖರ್ಚು ಮಾಡಬೇಕಾಗಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ತೋಟ ಇಡಬೇಡಿ ಎಂದು ನಾವು ಹೇಳುತ್ತೇವಲ್ಲ, ಇದೂ ಅಂಥದ್ದೇ ಒಂದು ಪರೀಕ್ಷೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಲಿ. ಊರಿನ ಕೆರೆ ಏರಿಯನ್ನೋ, ನಿಮ್ಮ ಹೊಲದ ಬದುವನ್ನೋ ಆರಿಸಿ, ಒಂದು ಕಿಲೊಮೀಟರಿನಷ್ಟು ದಾರಿ ಗೊತ್ತುಮಾಡಿಕೊಳ್ಳಲಿ. ವಾರಕ್ಕೆ ಮೂರು ದಿನ, ಬೆಳಗ್ಗೆ ಆರು ಗಂಟೆಗೆ ಹೊರಟು ಅದೇ ದಾರಿಯಲ್ಲಿ ಅದೇ ನಡಿಗೆಯಲ್ಲಿ ನಡೆದು ಕಂಡ ಹಕ್ಕಿಗಳನ್ನು ಬರೆಯಲಿ. ದಿನಾಂಕ, ಹೊರಟ ಹೊತ್ತು, ಮುಗಿದ ಹೊತ್ತು, ಮೋಡ ಇತ್ತೆ ಬಿಸಿಲಿತ್ತೆ, ಪಕ್ಕದ ಹೊಲದಲ್ಲಿ ಏನು ಬೆಳೆ, ಉಳುಮೆ ನಡೆಯುತ್ತಿತ್ತೆ ಎಲ್ಲವನ್ನೂ ಬರೆಯಬೇಕು. ಬೆಳ್ಳಕ್ಕಿ 14, ಗೊರವಂಕ 6, ಕಾಜಾಣ 3 ಎಂದು ಸಂಖ್ಯೆ ಹಾಕಬೇಕು; 'ತುಂಬಾ' ಎಂಬ ಮಾತು ನೋಟ್‌ಬುಕ್ಕಿನಲ್ಲಿ ಬರಕೂಡದು. ಹೆಸರು ತಿಳಿಯದ ಹಕ್ಕಿಯನ್ನು ಊಹೆಯಿಂದ ಹೆಸರಿಸದೆ, ಗಾತ್ರ, ಕೊಕ್ಕು, ಬಣ್ಣ, ಕುಳಿತ ಜಾಗ ಬರೆದಿಟ್ಟು ಆಮೇಲೆ ಪುಸ್ತಕದಲ್ಲಿ ಹುಡುಕಬೇಕು. ಏನೂ ಕಾಣದ ದಿನ 'ಏನೂ ಇಲ್ಲ' ಎಂದು ಬರೆಯಲೇಬೇಕು. ಎಷ್ಟೋ ಜನ ಇಲ್ಲಿಯೇ ಸೋಲುತ್ತಾರೆ. ಖಾಲಿ ದಿನವನ್ನು ಬರೆಯದೆ ಬಿಟ್ಟರೆ ಇಡೀ ಲೆಕ್ಕವೇ ಸುಳ್ಳಾಗುತ್ತದೆ. ಹಾಲು ಕಡಿಮೆ ಕೊಟ್ಟ ದಿನವನ್ನು ಬಿಟ್ಟು ಹಸುವಿನ ಸರಾಸರಿ ಹೇಳಿದಂತೆ ಅದು.

ಮೂರು ತಿಂಗಳು ನಡೆಯಲಿ. ಮೊದಲ ಎರಡು ವಾರ ಯಾರಿಗಾದರೂ ಉತ್ಸಾಹ ಇರುತ್ತದೆ. ಐದನೆಯ ವಾರದ ನಂತರ ಏನಾಗುತ್ತದೆ ಎಂಬುದನ್ನು ತಂದೆತಾಯಿಗಳು ದೂರದಿಂದ ಗಮನಿಸಿರಿ, ಎಬ್ಬಿಸಲು ಹೋಗಬೇಡಿ. ತಾನಾಗಿಯೇ ಎದ್ದು ಹೋಗುತ್ತಿದ್ದಾನೆಯೆ? ಅದಕ್ಕಿಂತ ಮುಖ್ಯವಾಗಿ, ಪ್ರಶ್ನೆಗಳು ಹುಟ್ಟುತ್ತಿವೆಯೆ? ಟ್ರ್ಯಾಕ್ಟರ್ ಹಿಂದೆ ಬರುವಷ್ಟೇ ಬೆಳ್ಳಕ್ಕಿ ಎತ್ತಿನ ನೇಗಿಲ ಹಿಂದೆಯೂ ಬರುತ್ತವೆಯೆ, ಔಷಧ ಹೊಡೆದ ಹೊಲದಲ್ಲಿ ಕಾಜಾಣ ಕೂರುತ್ತದೆಯೆ ಎಂದು ಹುಡುಗ ಊಟದ ಹೊತ್ತಿಗೆ ಕೇಳಲು ತೊಡಗಿದನೆಂದರೆ ಅವನಲ್ಲಿ ಸರಕು ಇದೆ. ಬರಿಯ ಫೋಟೊ ತೆಗೆದು ಮೊಬೈಲಿನಲ್ಲಿ ಹತ್ತು ಜನಕ್ಕೆ ಕಳಿಸುವುದರಲ್ಲೇ ತೃಪ್ತಿಯಾದರೆ ಅದೂ ಒಳ್ಳೆಯ ಹವ್ಯಾಸವೇ, ಹವ್ಯಾಸವಾಗಿಯೇ ಇರಲಿ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆಯಲ್ಲಿ ಯಾರು ಬೇಕಾದರೂ ತಮ್ಮ ಊರಿನಿಂದಲೇ ಪಾಲ್ಗೊಳ್ಳಬಹುದು. ಹೊರಗಿನವರೊಡನೆ ಪರಿಚಯವಾಗಲು ಅದೊಂದು ದಾರಿ.

ಎಚ್ಚರಿಕೆಯ ಮಾತು. ಈ ಪರೀಕ್ಷೆಯ ನೆಪದಲ್ಲಿ ಗೂಡಿನ ಮೊಟ್ಟೆ ತೆಗೆಯುವುದು, ಹಾವು ಹಿಡಿಯುವುದು, ಮರಿ ತಂದು ಸಾಕುವುದು ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಿಣಿಯನ್ನು ಪಂಜರದಲ್ಲಿಡುವುದೂ ಅಪರಾಧವೇ. ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಕಾಲಿಡುವುದಂತೂ ಬೇಡವೇ ಬೇಡ. ಒಂದು ಮೊಕದ್ದಮೆ ಬಿದ್ದರೆ ಮುಂದಿನ ಸರ್ಕಾರಿ ಕೆಲಸದ ಆಸೆಯೂ ಹೋಗುತ್ತದೆ.

ರೈತರ ಮಕ್ಕಳಿಗೆ ಇರುವ ಬಲ, ಕೊರತೆ

ನಮ್ಮ ಮಕ್ಕಳಿಗೆ ನಡೆಯುವುದು ಗೊತ್ತು, ಕಾಯುವುದು ಗೊತ್ತು. ಕಾಲುದಾರಿಯಲ್ಲಿ ಮುರಿದ ಕಡ್ಡಿ ನೋಡಿ ಯಾವ ಪ್ರಾಣಿ ಯಾವಾಗ ಹೋಯಿತೆಂದು ಹೇಳುವ ಹುಡುಗರನ್ನು ನಾನೇ ನೋಡಿದ್ದೇನೆ. ಇಂಬಳ ಹತ್ತಿದರೆ ಕಿರುಚುವುದಿಲ್ಲ. ಪೇಟೆಯಿಂದ ಬಂದ ಸಂಶೋಧಕರು ಇದನ್ನು ಕಲಿಯಲು ಎರಡು ವರ್ಷ ತೆಗೆದುಕೊಳ್ಳುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಜೇನುಕುರುಬರು ಇಲ್ಲದೆ ಅಲ್ಲಿನ ಎಷ್ಟೋ ಅಧ್ಯಯನಗಳು ನಡೆಯುತ್ತಲೇ ಇರಲಿಲ್ಲ. ಕೆಲಸ ಅವರದು, ಹೆಸರು ಬೇರೆಯವರದು ಎಂಬ ಮಾತೂ ಅಷ್ಟೇ ನಿಜ.

ಕೊರತೆ ಇರುವುದು ಗಣಿತ ಮತ್ತು ಇಂಗ್ಲಿಷಿನಲ್ಲಿ. ಜೀವಶಾಸ್ತ್ರ ತೆಗೆದುಕೊಂಡರೆ ಗಣಿತದ ಕಾಟ ತಪ್ಪಿತು ಎಂದು ತಿಳಿದವರು ಈ ಕ್ಷೇತ್ರಕ್ಕೆ ಬಂದು ಕಣ್ಣುಕಣ್ಣು ಬಿಡುತ್ತಾರೆ. ಸಂಖ್ಯಾಶಾಸ್ತ್ರ ಇಲ್ಲಿ ಉಪ್ಪಿದ್ದಂತೆ, ಅದಿಲ್ಲದ ಅಡುಗೆಯೇ ಇಲ್ಲ. ಆದುದರಿಂದ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರದ ಜೊತೆಗೆ ಗಣಿತವನ್ನೂ ಇಟ್ಟುಕೊಳ್ಳುವುದು ಲೇಸು. ಇಂಗ್ಲಿಷಿನಲ್ಲಿ ಮಾತು ತಡವರಿಸಿದರೆ ಚಿಂತೆಯಿಲ್ಲ, ಓದಿ ತಿಳಿಯಬೇಕು, ಬರೆಯಬೇಕು. ಪ್ರಬಂಧಗಳೆಲ್ಲ ಅದರಲ್ಲೇ ಬರುತ್ತವೆ. ಕಂಪ್ಯೂಟರ್ ಕಲಿಕೆಯನ್ನು ಬೇರೆ ಹೇಳಬೇಕಾಗಿಲ್ಲ.

ಅಪ್ಪನ ಮಾತು

ಕಳೆದ ಕೆಲವು ವರ್ಷಗಳಲ್ಲಿ ನಾನು ಕೇಳಿದ ಆಕ್ಷೇಪಣೆಗಳಲ್ಲಿ ಅತ್ಯಂತ ಬಲವಾದುದು ಸಂಬಳದ್ದಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಒಂದು ಊರಿನಲ್ಲಿ ಎರಡೂವರೆ ಎಕರೆಯ ಯಜಮಾನರೊಬ್ಬರು ನನ್ನನ್ನು ಜಗಲಿಯ ಮೇಲೆ ಕೂರಿಸಿ ಕೇಳಿದ್ದು ಹೀಗೆ: "ಮೂರು ವರ್ಷದಿಂದ ಅಟ್ಟಣೆ ಮೇಲೆ ಮಲಗಿ ರಾಗಿ ಕಾಯ್ತಾ ಇವ್ನಿ ಸಾರ್. ಹೋದ ವರ್ಷ ಒಂದೇ ರಾತ್ರೀಲಿ ಅರ್ಧ ಎಕರೆ ಹೋಯ್ತು. ಆ ಆನೇನ ಓದ್ತೀನಿ ಅಂತ ನನ್ನ ಮಗಳೇ ಹೊರಟ್ರೆ ಊರಲ್ಲಿ ನಾನು ಹೆಂಗೆ ತಲೆ ಎತ್ಲಿ?"

ಮಗಳು ಬಾಗಿಲ ಹಿಂದೆ ಇದ್ದಳು. ದ್ವಿತೀಯ ಪಿ.ಯು.ಸಿ. "ಅಪ್ಪಾ, ಆ ಕ್ಯಾಲೆಂಡರ್ ತೋರಿಸು" ಎಂದಳು. ಸೊಸೈಟಿಯಿಂದ ಕೊಟ್ಟ ಗೋಡೆ ಕ್ಯಾಲೆಂಡರಿನಲ್ಲಿ ಆನೆ ಬಂದ ರಾತ್ರಿಗಳಿಗೆಲ್ಲ ಪೆನ್ಸಿಲಿನ ಗುರುತು. ಪಕ್ಕದಲ್ಲಿ ಬಂದ ದಿಕ್ಕು, ಎಷ್ಟು ಆನೆ, ಯಾರ ಹೊಲ. ಎರಡು ಹಂಗಾಮಿನ ಲೆಕ್ಕ. ಹೆಚ್ಚಿನ ರಾತ್ರಿಗಳ ಎದುರು ಒಂದೇ ಗುರುತು: ಎಡಗಿವಿ ಹರಿದ ಸಲಗ. ಊರಿಗೆಲ್ಲ ಆನೆಯ ಹಿಂಡು ನುಗ್ಗುತ್ತಿದೆ ಎಂದು ಅರ್ಜಿ ಕೊಟ್ಟಿದ್ದ ಯಜಮಾನರು ಆ ಕ್ಯಾಲೆಂಡರನ್ನು ದಿನವೂ ನೋಡುತ್ತಿದ್ದರೂ ಓದಿರಲಿಲ್ಲ.

ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆನೆಯನ್ನು ಓದುವುದೆಂದರೆ ಆನೆಯ ಪರವಾಗಿ ವಕಾಲತ್ತು ಹಾಕುವುದಲ್ಲ. ಹಿಂಡು ಬರುತ್ತಿದೆಯೋ, ಒಂದೇ ಸಲಗ ಬರುತ್ತಿದೆಯೋ ಎಂಬುದರ ಮೇಲೆ ಮಾಡಬೇಕಾದ ಉಪಾಯವೇ ಬೇರೆಯಾಗುತ್ತದೆ. ರೋಗ ಯಾವುದೆಂದು ತಿಳಿಯದೆ ಔಷಧ ಹೊಡೆದವನ ದುಡ್ಡು ದಂಡ ಎಂಬುದು ರೈತನಿಗೆ ಹೊಸ ಮಾತಲ್ಲ. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗದಲ್ಲಿ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರೂ ಆ ತಾಲ್ಲೂಕುಗಳಲ್ಲಿ ಆನೆಯ ಕಾಟ ಮುಗಿಯಲಿಲ್ಲ. ತಮಿಳುನಾಡಿನ ವಾಲ್ಪಾರೈ ಚಹ ತೋಟಗಳಲ್ಲಿ ಸಂಶೋಧಕರು ಆನೆಗಳ ಓಡಾಟವನ್ನು ವರ್ಷಗಟ್ಟಲೆ ಗಮನಿಸಿ, ಆನೆ ಯಾವ ಕಡೆ ಇದೆ ಎಂದು ಸಂಜೆಯೇ ಜನರ ಮೊಬೈಲಿಗೆ ಸಂದೇಶ ಕಳಿಸುವ, ಎತ್ತರದಲ್ಲಿ ಕೆಂಪು ದೀಪ ಉರಿಸುವ ವ್ಯವಸ್ಥೆ ಮಾಡಿದರು. ಅದು ಬೆಳೆಗಿಂತ ಮೊದಲು ಜೀವ ಉಳಿಸುವ ಕೆಲಸ.

ಚಿರತೆಯದೂ ಹೀಗೆಯೇ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2001ರ ನಂತರ ಕಬ್ಬಿನ ಗದ್ದೆಗಳಲ್ಲಿದ್ದ ಚಿರತೆಗಳನ್ನು ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಡುತ್ತಾ ಹೋದರು. ಮನುಷ್ಯರ ಮೇಲಿನ ದಾಳಿ ಇಳಿಯುವ ಬದಲು ಏರಿತು. ಹಿಡಿದು ಬಿಡುವುದೇ ದಾಳಿಗೆ ಒಂದು ಕಾರಣವಾಗುತ್ತಿದೆ ಎಂದು ತೋರಿಸಿಕೊಟ್ಟವರು ವಿದ್ಯಾ ಆತ್ರೇಯ ಎಂಬ ಮಹಿಳಾ ವಿಜ್ಞಾನಿ. ಮುಂದೆ ಅಕೋಲೆಯ ಕಬ್ಬಿನ ಸೀಮೆಯಲ್ಲಿ ಅವರು ಮಾಡಿದ ಅಧ್ಯಯನದಲ್ಲಿ, ಅಲ್ಲಿನ ಚಿರತೆಗಳ ಆಹಾರದಲ್ಲಿ ದೊಡ್ಡ ಪಾಲು ಊರ ನಾಯಿಗಳದೆಂದು ಕಂಡುಬಂತು. ನಮ್ಮಲ್ಲೂ ಕಬ್ಬಿನ ಗದ್ದೆಯಲ್ಲಿ ಮರಿ ಸಿಕ್ಕಿದೊಡನೆ ಬೋನು ತನ್ನಿ ಎಂದು ರಸ್ತೆಗಿಳಿಯುವವರು ಇದನ್ನು ತಿಳಿದಿರಬೇಕು. ಹೆಣ್ಣುಮಕ್ಕಳನ್ನು ಇಂಥ ಕೆಲಸಕ್ಕೆ ಹೇಗೆ ಕಳಿಸುವುದು ಎನ್ನುವವರಿಗೂ ಇದರಲ್ಲಿ ಅರ್ಧ ಉತ್ತರ ಇದೆ. ಉಳಿದರ್ಧ, ಸೇರುವ ಸಂಸ್ಥೆಯಲ್ಲಿ ಕ್ಷೇತ್ರ ಕೆಲಸಕ್ಕೆ ಒಬ್ಬರನ್ನೇ ಕಳಿಸುತ್ತಾರೆಯೆ, ಜೊತೆ ಇರುತ್ತದೆಯೆ, ಉಳಿಯುವ ಜಾಗ ಎಂಥದು ಎಂದು ನೀವೇ ಹೋಗಿ ಕೇಳಿ ತಿಳಿಯಬೇಕಾದದ್ದು. ಗಂಡು ಮಕ್ಕಳ ವಿಷಯದಲ್ಲೂ ಇದನ್ನು ಕೇಳಿರಿ.

ಆದರೆ ಒಂದನ್ನು ಮುಚ್ಚಿಡಬಾರದು. ಮಗಳು ವಿಜ್ಞಾನಿಯಾದ ಮಾತ್ರಕ್ಕೆ ನಿಮ್ಮ ಹೊಲಕ್ಕೆ ಆನೆ ಬರುವುದು ನಿಲ್ಲುವುದಿಲ್ಲ. ಎಷ್ಟೋ ಸಲ ಅವಳ ಲೆಕ್ಕ ನಿಮಗೆ ಬೇಡವಾದ ಉತ್ತರವನ್ನೇ ಕೊಡಬಹುದು, ಇಲಾಖೆಗೆ ಬೇಡವಾದುದನ್ನೂ ಕೊಡಬಹುದು. ಎರಡು ಕಡೆಯ ಬೈಗುಳವನ್ನೂ ತಾಳಿಕೊಂಡು ಬಂದ ಸಂಖ್ಯೆಯನ್ನೇ ಹೇಳುವ ಗಟ್ಟಿತನ ಇಲ್ಲದವರು ಈ ಕಡೆ ಬರದಿರುವುದೇ ಮೇಲು. ಹಾಗೆಯೇ ಕಾಡುಪ್ರಾಣಿ ಎಂದರೆ ಕರಗಿಹೋಗಿ, ಬೆಳೆ ಕಳೆದುಕೊಂಡವನನ್ನು ಕಂಡರೆ ಮುಖ ತಿರುವುವವರನ್ನೂ ನಾನು ಕಂಡಿದ್ದೇನೆ. ಅಂಥವರಿಂದ ಪ್ರಾಣಿಗೂ ಉಪಕಾರವಿಲ್ಲ.

ಆ ಹುಡುಗಿ ಈಗ ಅರಣ್ಯ ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ಯಜಮಾನರ ಅಟ್ಟಣೆ ಕಾವಲು ತಪ್ಪಿಲ್ಲ. ಕ್ಯಾಲೆಂಡರಿಗೆ ಗುರುತು ಹಾಕುವ ಕೆಲಸ ತಮ್ಮನಿಗೆ ಬಿದ್ದಿದೆಯಂತೆ, ಅವನು ಸರಿಯಾಗಿ ಬರೆಯುವುದಿಲ್ಲ ಎಂದು ಅವಳ ದೂರು.

ಓದಿನ ದಾರಿ, ಸಂಪಾದನೆ

ಮೊದಲ ಪದವಿಗೆ ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಆಗಬಹುದು. ನನ್ನನ್ನು ಕೇಳಿದರೆ ಅರಣ್ಯ, ಕೃಷಿ ಇಲ್ಲವೆ ಪಶುವೈದ್ಯ ಪದವಿ ಮೇಲು. ಕಾರಣ ಮುಂದೆ ಹೇಳುತ್ತೇನೆ. ಅರಣ್ಯ ಕಾಲೇಜುಗಳು ನಮ್ಮಲ್ಲಿ ಶಿರಸಿಯಲ್ಲೂ ಕೊಡಗಿನ ಪೊನ್ನಂಪೇಟೆಯಲ್ಲೂ ಇವೆ. ಪದವಿಯ ನಂತರ ವನ್ಯಜೀವಿ ವಿಷಯದಲ್ಲಿ ಎಂ.ಎಸ್ಸಿ. ಮಾಡಬೇಕು. 1982ರಲ್ಲಿ ಆರಂಭವಾದ ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇವು ಹೆಸರಾದವು. ಎರಡನೆಯದರಲ್ಲಿ ಪ್ರತಿ ವರ್ಷವೂ ಪ್ರವೇಶ ಇರುವುದಿಲ್ಲ, ಸೇರಿಸಿಕೊಳ್ಳುವುದೂ ಒಂದು ತಂಡಕ್ಕೆ ಹದಿನೈದು ಇಪ್ಪತ್ತು ಮಂದಿಯನ್ನಷ್ಟೇ. ಪ್ರವೇಶ ಪರೀಕ್ಷೆ, ಸಂದರ್ಶನ ಎರಡೂ ಉಂಟು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ವನ್ಯಜೀವಿ ವಿಷಯದ ಸ್ನಾತಕೋತ್ತರ ವಿಭಾಗವಿದೆ. ಅದರ ನಂತರ ಪಿಎಚ್.ಡಿ., ಐದಾರು ವರ್ಷ.

ಲೆಕ್ಕ ಹಾಕಿರಿ. ಹದಿನೆಂಟಕ್ಕೆ ಪಿ.ಯು.ಸಿ. ಮುಗಿಸಿದವರು ಪಿಎಚ್.ಡಿ. ಮುಗಿಸುವಾಗ ಮೂವತ್ತು ದಾಟುತ್ತದೆ. ನಡುವೆ ಪೂರ್ತಿ ಬರಿಗೈಯೇನೂ ಅಲ್ಲ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಸಂಶೋಧನಾ ವೇತನ ಗಿಟ್ಟಿಸಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000 ಎಂದು ಗೊತ್ತಾಗಿದೆ. ಆದರೆ ಆ ಪರೀಕ್ಷೆ ಎಲ್ಲರಿಗೂ ಒಲಿಯುವುದಿಲ್ಲ. ಸಂಸ್ಥೆಗಳ ಯೋಜನೆಗಳಲ್ಲಿ ಕೆಲಸ ಮಾಡುವವರಿಗೆ ಸಂಬಳ ಕಡಿಮೆ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು, ಮತ್ತೆ ಅರ್ಜಿ ಬರೆಯಬೇಕು. ಕಾಯಂ ಹುದ್ದೆಗಳು ಬೆರಳೆಣಿಕೆಯಷ್ಟು. ಈ ಓದಿಗೆಂದು ಜಮೀನು ಅಡವಿಡುವುದು ಸರ್ವಥಾ ಬೇಡ. ಎಷ್ಟೋ ಸಾವಿರ ಕೇಳಿ ಒಂದು ವಾರದ ತರಬೇತಿ, ಮೆರುಗಿನ ಪ್ರಮಾಣಪತ್ರ ಕೊಡುವವರ ಹತ್ತಿರವೂ ಹೋಗಬೇಡಿ.

ಅಡಿಕೆ ಸಸಿ ನೆಟ್ಟವನು ಫಸಲು ಬರುವ ತನಕ ಬಾಳೆ ಹಾಕಿಕೊಳ್ಳುತ್ತಾನೆ. ಮೊದಲ ಪದವಿ ಆ ಬಾಳೆಯಂತೆ ಇರಬೇಕು. ಕೃಷಿ, ಅರಣ್ಯ, ಪಶುವೈದ್ಯ ಪದವೀಧರರು ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೂ ಕೂರಬಹುದು, ಬೇರೆ ನೌಕರಿಗಳಿಗೂ ಹೋಗಬಹುದು. ಪಶುವೈದ್ಯರಿಗಂತೂ ಊರಲ್ಲೇ ಕೆಲಸ ಕಾದಿರುತ್ತದೆ. ಕೃಷಿ ವಿಶ್ವವಿದ್ಯಾಲಯಗಳಲ್ಲೇ ಇಲಿ, ಹಕ್ಕಿ, ಕಾಡುಹಂದಿಗಳಿಂದ ಬೆಳೆಗಾಗುವ ಹಾನಿಯ ಮೇಲೆ ಸಂಶೋಧನೆ ಮಾಡುವವರಿದ್ದಾರೆ. ಹುಲಿ, ಆನೆಗೆ ಮುತ್ತುವಷ್ಟು ಜನ ಈ ಕಡೆ ಮುತ್ತುವುದಿಲ್ಲ. ನಮ್ಮ ರೈತರ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಕ್ಷೇತ್ರ ಎಂಬುದು ನನ್ನ ಅಭಿಪ್ರಾಯ. ನವಿಲು, ಕೋತಿ, ಹಂದಿಗಳ ವಿಷಯದಲ್ಲಿ ತಿಳಿಯಬೇಕಾದುದು ಬೆಟ್ಟದಷ್ಟಿದೆ.

ಓದು ಹತ್ತದವರೂ ನಿರಾಶರಾಗಬೇಕಿಲ್ಲ. ಪಿ.ಯು.ಸಿ. ಆದವರಿಗೆ ಇಲಾಖೆಯಲ್ಲಿ ಗಸ್ತು ಅರಣ್ಯ ಪಾಲಕರ ಹುದ್ದೆಗಳು, ಎಸ್.ಎಸ್.ಎಲ್.ಸಿ. ಆದವರಿಗೆ ಅರಣ್ಯ ವೀಕ್ಷಕರ ಹುದ್ದೆಗಳು ಇವೆ. ಅಧಿಸೂಚನೆ ಬಂದಾಗ ದೇಹದಾರ್ಢ್ಯ ಪರೀಕ್ಷೆಗೂ ಸಿದ್ಧರಾಗಿರಬೇಕು. ಬಂಡೀಪುರ, ನಾಗರಹೊಳೆಯ ಸುತ್ತ 2015ರಿಂದ ಬೆಳೆಹಾನಿಯಾದ ರೈತರಿಗೆ ಪರಿಹಾರದ ಅರ್ಜಿ ಹಾಕಿಕೊಡುವ 'ವೈಲ್ಡ್ ಸೇವೆ' ಕಾರ್ಯಕ್ರಮದಲ್ಲಿ ಆಯಾ ಊರಿನ ಯುವಕರೇ ಹೊಲಕ್ಕೆ ಬಂದು ಹಾನಿ ದಾಖಲಿಸುತ್ತಾರೆ. ಸಂಶೋಧನಾ ತಂಡಗಳಿಗೂ ಕ್ಷೇತ್ರ ಸಹಾಯಕರು ಬೇಕಾಗುತ್ತಾರೆ. ಅಂಥ ಕಡೆ ಆರು ತಿಂಗಳು ದುಡಿದರೆ, ಮುಂದೆ ಓದಬೇಕೋ ಬೇಡವೋ ಎಂಬುದೂ ತೀರ್ಮಾನವಾಗಿಬಿಡುತ್ತದೆ.

ಅಪಾಯದ ವಿಷಯ ಎರಡೇ ಮಾತಿನಲ್ಲಿ. ಹುಲಿಗಿಂತ ಆನೆಗೆ, ಆನೆಗಿಂತ ಉಣುಗು ಮತ್ತು ಜ್ವರಕ್ಕೆ ಹೆದರಬೇಕು ಎಂದು ಅನುಭವಿಗಳು ಹೇಳುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ. ತಂಡದವರು ಹೇಳಿದ ಶಿಸ್ತು ಪಾಲಿಸುವ ಗುಣ ನಿಮ್ಮ ಮಗನಿಗಿಲ್ಲದಿದ್ದರೆ ಅವನನ್ನು ಕಾಡಿಗೆ ಕಳಿಸಬೇಡಿ.

ಈ ವರ್ಷ ದ್ವಿತೀಯ ಪಿ.ಯು.ಸಿ.ಯಲ್ಲಿ ಮಕ್ಕಳಿರುವವರು ಗಮನಿಸಬೇಕಾದ ಒಂದು ಸಂಗತಿ. ಅರಣ್ಯ, ಕೃಷಿ, ಪಶುವೈದ್ಯ ಪದವಿಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಕೃಷಿಕರ ಮಕ್ಕಳಿಗೆ ಸೀಟುಗಳಲ್ಲಿ ಮೀಸಲು ಇದೆ. ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಅಲ್ಲಿ ಬೀಜ, ಕಳೆ, ಗೊಬ್ಬರ, ಉಪಕರಣ ಗುರುತಿಸಲು ಕೇಳುತ್ತಾರೆ. ಮಗನನ್ನು ಒಂದೆರಡು ವಾರ ಹೊಲಕ್ಕೆ ಕರೆದೊಯ್ದು ಕೈಯಾರೆ ತೋರಿಸಿರಿ. ಕೃಷಿಕ ಕುಟುಂಬವೆಂಬ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ಪಡೆಯಬೇಕಾಗುತ್ತದೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆಯ ಕೆಲಸವನ್ನು ಈಗಲೇ ಆರಂಭಿಸಿರಿ, ಫಲಿತಾಂಶ ಬಂದ ಮೇಲೆ ನಾಡಕಚೇರಿಯ ಮುಂದಿನ ಸಾಲು ಉದ್ದವಿರುತ್ತದೆ.